ಹಾಲು ಕಾಯುವ ಹೊತ್ತಿಗೊಂದು ಹೊಸ ಪದ

ಬೆಳಿಗ್ಗೆ ಆರೂವರೆ. ಕುರೆಕುಪ್ಪದ ಸರ್ಕಾರಿ ಶಾಲೆಯೊಂದರ ಅಡುಗೆ ಕೋಣೆಯಲ್ಲಿ ಎರ್ರೆಮ್ಮ ಹಾಲಿನ ಪಾತ್ರೆ ಒರೆಸುತ್ತಿದ್ದಾರೆ. ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳು ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಜಗಲಿಯಲ್ಲಿ ಆಗಲೇ ಹದಿನೆಂಟು ಮಕ್ಕಳಿದ್ದಾರೆ. ಅಪ್ಪ ಅವ್ವ ಇಬ್ಬರೂ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ಮನೆಯ ಮಕ್ಕಳಿವು. ಹಾಲು ಕಾಯುವ ತನಕ ಇವರಿಗೆ ಎರ್ರೆಮ್ಮಕ್ಕನೇ ದಿಕ್ಕು.

“ಪಂಪೇಶ, ಹಂಪೇಶ, ಎದ್ದು ನಿಂದ್ರಿ. ಇವರಿಬ್ಬರ ಹೆಸರಿನಾಗ ಏನ್ ಫರಕ್ ಐತಿ?”

“ಪ, ಹ!” ಎಂದು ಜಗಲಿಯೇ ಕೂಗುತ್ತದೆ.

“ಅಷ್ಟ. ಹೆಸರು ಒಂದ. ಹಿಂದಕ ಹಾಲಿಗೆ ಪಾಲು ಅಂತಿದ್ರು, ಹುಲಿಗೆ ಪುಲಿ ಅಂತಿದ್ರು. ಬಾಯಿಂದ ಬಾಯಿಗೆ ಬರ್ತಾ ಬರ್ತಾ ಪ ಹೋಗಿ ಹ ಆತು. ಪಂಪೆ ಹಂಪೆ ಆತು.”

“ಹಂಗಾದ್ರ ನಮ್ಮ ಪರಶುರಾಮ ಹರಶುರಾಮ ಆಗ್ತಾನೇನಕ್ಕಾ?” ಹಿಂದಿನಿಂದ ಒಬ್ಬ ಕೇಳುತ್ತಾನೆ. ಪರಶುರಾಮನೇ ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ನಲವತ್ತಾರರ ಎರ್ರೆಮ್ಮ ಓದಿದ್ದು ಏಳನೆಯ ತರಗತಿ. ಆಮೇಲೆ ಸಂಡೂರಿನ ಗುಡ್ಡಗಳಲ್ಲಿ ಅದಿರು ಒಡೆದರು. ಹದಿನಾಲ್ಕು ವರ್ಷಗಳಿಂದ ಇಲ್ಲಿ ಬಿಸಿಯೂಟ ಬೇಯಿಸುತ್ತಿದ್ದಾರೆ. ದಿನಕ್ಕೆ ಇಪ್ಪತ್ತೆರಡು ಕೆಜಿ ಅಕ್ಕಿ, ನೂರ ಎಂಬತ್ತಾರು ತಟ್ಟೆ. ಮೊಣಕೈವರೆಗೆ ಸುಟ್ಟ ಕಲೆಗಳು. ಪದಗಳ ಈ ಗುಟ್ಟನ್ನೆಲ್ಲ ಕಲಿಸಿದವರಾರು ಎಂದರೆ ನಗುತ್ತಾರೆ. “ನಮ್ಮವ್ವ ಆಂಧ್ರದಾಕಿ. ಆಕಿ ಪಾಲು ಅಂದ್ರ ಅಪ್ಪ ಹಾಲು ಅನ್ನಾಂವ. ಪಂಡು ಅಂದ್ರ ಹಣ್ಣು. ಸಣ್ಣಾಕಿ ಇದ್ದಾಗ ಕುಂತು ಜೋಡಿ ಹಚ್ತಿದ್ದೆ. ಉಳಿದದ್ದು ಇಲ್ಲಿ ಮೇಷ್ಟ್ರ ಬಾಯಾಗ ಕೇಳಿದ್ದು.”

ಈ ಪದದಾಟದ ಎರಡನೆಯ ಭಾಗ, ಹೆಸರಿಲ್ಲದ್ದಕ್ಕೆ ಹೆಸರಿಡುವುದು. ಎರಡು ಪದ ಕೂಡಿಸಬಹುದು, ಬೇರೆ ಭಾಷೆಯಿಂದ ತರಲೂಬಹುದು. ಬಿಸಿ, ಊಟ ಸೇರಿಯೇ ಬಿಸಿಯೂಟವಾಯಿತಲ್ಲ! ಒರೆಸಿದ ಮೇಲೂ ಬಂದು ಕೂರುವ ಧೂಳಿಗೆ ಮಕ್ಕಳು ಇಟ್ಟ ಹೆಸರು ‘ಮರುಕೆಂಪು’. “ನಾಕು ಮಂದಿ ಬಳಸಿದ್ರ ಅದು ಪದ. ಬಳಸ್ಲಿಲ್ಲಂದ್ರ ತಾನ ಉದುರತೈತಿ. ನಾ ಪಾಸು ಫೇಲು ಮಾಡಂಗಿಲ್ರಿ.”

ಮುಖ್ಯಶಿಕ್ಷಕ ಪಾಲಯ್ಯನವರಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಕಳೆದ ವರ್ಷ ಒಬ್ಬ ಹುಡುಗ ಪರೀಕ್ಷೆಯಲ್ಲಿ ‘ಮರುಕೆಂಪು’ ಎಂದೇ ಬರೆದಾಗ ಅವರ ತಾಳ್ಮೆ ತಪ್ಪಿತು. “ಇರೋ ಪದಾನೇ ನೆಟ್ಟಗೆ ಬರಿಯಾಕ ಬರಂಗಿಲ್ಲ, ಹೊಸಾವು ಯಾಕಬೇ? ನಿಲ್ಲಿಸು” ಎಂದರು. “ಆತ್ರಿ ಸರ್” ಎಂದು ಎರ್ರೆಮ್ಮ ನಿಲ್ಲಿಸಿದರು. ನಾಲ್ಕು ದಿನ ಮಕ್ಕಳು ಹಾಲು ಕುಡಿದು ಎದ್ದು ಹೋದರು.

ಆ ಮಕ್ಕಳ ನಡುವೆ ಝಿಲ್ಲಿ ಎಂಬ ಎಂಟರ ಹುಡುಗಿಯಿದ್ದಳು. ಒಡಿಶಾದಿಂದ ಕೆಲಸಕ್ಕೆ ಬಂದವರ ಮಗಳು. ಶಾಲೆಗೆ ಸೇರಿ ಐದು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ಭಾಷೆ ಹತ್ತುತ್ತಿಲ್ಲವೆಂದು ಅಪ್ಪ ಅವಳನ್ನು ಊರಿಗೆ, ಅಜ್ಜಿಯ ಬಳಿಗೆ ಕಳಿಸಲು ಹೊರಟಿದ್ದ. ಐದನೆಯ ಬೆಳಿಗ್ಗೆ ಎರ್ರೆಮ್ಮ ಹಾಲಿನ ಮುಚ್ಚಳ ತೆಗೆದರು. ಆವಿ ನುಗ್ಗಿ ಕನ್ನಡಕ ಬೆಳ್ಳಗಾಯಿತು. ಕಾಣದೆ ತಡಕಾಡಿದ ಅವರನ್ನು ನೋಡಿ ಝಿಲ್ಲಿ ಕಿಲಕಿಲ ನಕ್ಕು, ಬೆರಳು ತೋರಿಸಿ ಹೇಳಿದಳು: “ಚಷ್ಮಾಮೋಡ!”

ಎರ್ರೆಮ್ಮ ಸೌಟು ಕೆಳಗಿಟ್ಟು ಅವಳನ್ನು ಬಾಚಿ ತಬ್ಬಿಕೊಂಡರು. ಬಾಗಿಲಲ್ಲಿ ನಿಂತಿದ್ದ ಪಾಲಯ್ಯ ಸೀದಾ ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಆ ಪದ ಬರೆದು, ಕೆಳಗೆ ಝಿಲ್ಲಿಯ ಹೆಸರು ಹಾಕಿದರು. ಅವಳ ಅಪ್ಪನನ್ನು ಕರೆಸಿ, “ಕಳಿಸಬ್ಯಾಡಪಾ, ಇಲ್ಲೇ ಇರಲಿ” ಎಂದವರೂ ಅವರೇ. ಈಗ ಝಿಲ್ಲಿಯ ಬಾಯಿ ಮುಚ್ಚಿಸುವುದೇ ಕಷ್ಟ.

ಹಾಲು ಹಂಚಿ ಮುಗಿದಿದೆ. ನಿಮಗೇನಾದರೂ ಆಸೆಯಿದೆಯೇ ಎಂದರೆ ಎರ್ರೆಮ್ಮ ಸೆರಗಿಗೆ ಕೈ ಒರೆಸಿಕೊಂಡು ತುಸು ನಾಚುತ್ತಾರೆ.

“ಈ ಹುಡುಗರನ್ನ ಒಂದಿನ ಹಂಪಿಗೆ ಕರಕೊಂಡ್ ಹೋಗಬೇಕ್ರಿ. ಅಲ್ಲಿ ಕಲ್ಲಿನ ಮ್ಯಾಲ ಹಳೇ ಬರಹ ಅದಾವಲ್ಲ, ಅದರಾಗ ನಾವು ಇವತ್ತಿಗೂ ಆಡೋ ಪದ ಒಂದು ಸಿಕ್ರ ಸಾಕು, ಎಲ್ಲಾರೂ ಮುಟ್ಟಿ ಬರ್ತೀವಿ. ಯಾರಾರ ಒಂದು ಬಸ್ ಮಾಡಿಸಿಕೊಡ್ರಿ. ಬುತ್ತಿ ನಾನ ಕಟ್ತೀನಿ.”