ಓಪಲ್‌ಳ ಸಾಲು

ನಮ್ಮ ಸ್ಯಾಂಡ್‌ವಿಚ್ ಅಂಗಡಿಗೆ ಬರುವವನಿಗೆ ತಾನು ಯಾರ ಸಾಲಿನವನು ಎಂಬುದು ಮೊದಲು ಗೊತ್ತಿರಬೇಕು. ಲಾಸ್ ಏಂಜಲಿಸ್‌ನ ರೈಲು ನಿಲ್ದಾಣದ ಹತ್ತಿರ, ಅಂಚೆ ಕಚೇರಿಯವರು, ಕೋರ್ಟಿನವರು, ಟ್ಯಾಕ್ಸಿಯವರು ಎಲ್ಲರೂ ಮಧ್ಯಾಹ್ನ ನುಗ್ಗುವ ಜಾಗ. ಉದ್ದನೆಯ ಕಟ್ಟೆಯ ಹಿಂದೆ ನಾವು ಹೆಂಗಸರು ನಿಂತಿರುತ್ತೇವೆ, ಮಾಂಸ ಕೊಯ್ಯುವವರು. ಒಬ್ಬೊಬ್ಬಳಿಗೆ ಒಂದು ಮಣೆ, ಒಂದು ಚಾಕು, ಎದುರಿಗೆ ಒಂದು ಸಾಲು. ಒಮ್ಮೆ ಓಪಲ್ ಕೈಯಿಂದ ತಿಂದವನು ಸಾಯುವವರೆಗೂ ಓಪಲ್‌ಳ ಸಾಲಿನಲ್ಲೇ ನಿಲ್ಲುತ್ತಾನೆ. ಪಕ್ಕದಲ್ಲಿ ನಾನು ನೊಣ ಹೊಡೆಯುತ್ತಾ ನಿಂತಿದ್ದರೂ ಈ ಕಡೆ ತಿರುಗಿ ನೋಡುವುದಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಬದಲಾಯಿಸಿದ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ, ಸಾಲು ಬದಲಾಯಿಸಿದವನನ್ನು ಮಾತ್ರ ಇವತ್ತಿನವರೆಗೂ ನೋಡಿಲ್ಲ.

ಎಲ್ಲರಿಗಿಂತ ಉದ್ದದ ಸಾಲು ಓಪಲ್‌ಳದೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಯಾಕೆ ಉರಿಯಬಾರದು? ಅವಳು ನಗುವುದಿಲ್ಲ, ಹರಟುವುದಿಲ್ಲ, ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಬರ ಬಿದ್ದು ಹೊಲವೆಲ್ಲ ಹಾರಿಹೋದ ಓಕ್ಲಹೋಮಾದ ಧೂಳಿನಿಂದ ಎದ್ದು ಬಂದವಳು. ಒಣಗಿದ ಕಡ್ಡಿಯಂಥ ಮೈ, ಪಿನ್ನು ಚುಚ್ಚಿದ ಬಿಳಿ ಟೋಪಿ, ಬಗ್ಗಿಸಿದ ತಲೆ. ಅದೇ ಬೀಫು, ಅದೇ ಬ್ರೆಡ್ಡು, ಅದೇ ಪಾತ್ರೆಯ ಸಾರು. ಆದರೂ ಅವಳ ಕೈಯದು ಬೇರೆ.

ಹೇಗೆ ಎನ್ನುತ್ತೀರಾ? ಬೆಳಿಗ್ಗೆ ಬೇಯಿಸಿದ ಬೀಫಿನಿಂದ ಇಳಿದ ರಸಕ್ಕೆ ಮೂಳೆ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರು ಸಣ್ಣ ಉರಿಯ ಮೇಲೆ ಮಧ್ಯಾಹ್ನದವರೆಗೂ ಬಿಸಿಯಾಗಿಯೇ ಇರುತ್ತದೆ. ಗಿರಾಕಿ ಎದುರಿಗೆ ಬಂದ ಕೂಡಲೇ ನಾವು ಮೊದಲು ಕೇಳುವುದು ಒಂದೇ: ಒಂದ್ಸಲ ಅದ್ದಲಾ, ಎರಡ್ಸಲಾನಾ? ಬ್ರೆಡ್ಡಿನ ಒಳಮೈಯನ್ನು ಸಾರಿಗೆ ತಾಗಿಸಿ ಎತ್ತಬೇಕು. ಜಾಸ್ತಿ ಹೊತ್ತು ಬಿಟ್ಟರೆ ಗಂಜಿ, ಬೇಗ ಎತ್ತಿದರೆ ಹಪ್ಪಳ. ಅದರ ಮೇಲೆ ಬಿಸಿ ಬಿಸಿ ಬೀಫು, ಬೀಫಿನ ಮೇಲೆ ಗಿರಾಕಿ ಕೇಳಿದ ಚೀಸು, ಸ್ವಿಸ್ಸೋ ಇನ್ನೊಂದೋ. ನಾವೆಲ್ಲ ಚೀಸಿಟ್ಟು ಮೇಲಿನ ಬ್ರೆಡ್ಡು ಮುಚ್ಚಿ ಕೊಟ್ಟುಬಿಡುತ್ತೇವೆ. ಓಪಲ್ ಮಾತ್ರ ಚೀಸಿನ ಮೇಲೆ ಒಂದು ಚಮಚ ಸಾರು ಹನಿಸಿ, ಅದು ಮೆತ್ತಗಾಗಿ ಅಂಚು ಇಳಿಬೀಳುವ ತನಕ ಸುಮ್ಮನೆ ನಿಂತಿರುತ್ತಾಳೆ. ಹಿಂದೆ ಎಷ್ಟೇ ಜನ ಇರಲಿ, ಮ್ಯಾನೇಜರ್ ಗಡಿಯಾರ ನೋಡಲಿ, ನಿಂತೇ ಇರುತ್ತಾಳೆ. ಒಂದು ದಿನ ನಾನೂ ಹಾಗೇ ಮಾಡಿ ನೋಡಿದೆ. ನನ್ನ ಸಾಲಿನವರು, "ಎಲ್ವೀರಾ, ನಿದ್ದೆ ಬಂತಾ?" ಎಂದು ಆಡಿಕೊಂಡರು.

ಅವಳ ಗಂಡ ಡೆಲ್ಬರ್ಟ್ ನಿಲ್ದಾಣದಲ್ಲಿ ಅಂಚೆ ಮೂಟೆ ಹೊರುತ್ತಿದ್ದ. ಶ್ವಾಸಕೋಶ ಕೆಟ್ಟು ಬಹಳ ಕಾಲ ಮಲಗಿದ್ದು, ಒಂದು ಚಳಿಗಾಲದಲ್ಲಿ ಹೋಗಿಬಿಟ್ಟ. ಮಾರನೇ ಬೆಳಿಗ್ಗೆ ನೋಡುತ್ತೇನೆ, ಓಪಲ್ ಟೋಪಿ ಹಾಕಿಕೊಂಡು ಚಾಕು ಮಸೆಯುತ್ತಿದ್ದಾಳೆ!

"ಏನೇ ಇದು? ಬುದ್ಧಿ ಇದ್ಯಾ ನಿಂಗೆ? ಮನೆಗೆ ಹೋಗೇ."

"ಮನೇಲಿ ಏನಿದೆ, ಎಲ್ವಿ?"

"ಅತ್ತಿದ್ಯಾ?"

"ಇಲ್ಲ. ಬರ್ತಿಲ್ಲ." ಚಾಕುವನ್ನು ಬಟ್ಟೆಯಲ್ಲಿ ಒರೆಸಿದಳು. "ಹಲ್ಲು ಕೀಳೋಕೆ ಸೂಜಿ ಚುಚ್ತಾರಲ್ಲ, ಆಮೇಲೆ ಕೆನ್ನೆ ಹೇಗಿರುತ್ತೆ? ಹಾಗಿದೆ. ಎಲ್ಲಾ ಕಡೆ."

ನನ್ನ ಗಂಡ ತೀರಿಕೊಂಡಾಗ ನಾನು ಬೀದಿಯವರಿಗೆಲ್ಲ ಕೇಳುವ ಹಾಗೆ ಅತ್ತವಳು. ಅಳು ಬಾರದವಳಿಗೆ ಸಮಾಧಾನ ಹೇಳುವುದು ನನಗೆ ಗೊತ್ತಿರಲಿಲ್ಲ. ಸಿಪ್ಪೆ ಸುಲಿದ ಬೆಳ್ಳುಳ್ಳಿಯನ್ನು ಅವಳ ಕಡೆ ತಳ್ಳಿದೆ.

ಅಂತ್ಯಕ್ರಿಯೆಯ ದಿನ ಆದದ್ದನ್ನು ಹೇಳಬೇಕು. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟ. ಊಟಕ್ಕೆ ಮೊದಲು ಬಂದವರೆಲ್ಲ ಒಬ್ಬೊಬ್ಬರಾಗಿ ಮನೆಯವರ ಕೈ ಹಿಡಿದು ಎರಡು ಮಾತಾಡುವ ಪದ್ಧತಿ. ಓಪಲ್ ಒಂದು ಮೇಜಿನ ಹಿಂದೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ಮಗಳು ವಾಂಡಾ, ಅವಳ ಹಿಂದೆ ಕೂಸನ್ನು ಎತ್ತಿಕೊಂಡ ಅಳಿಯ. ಎದುರಿಗೆ ಬಾಗಿಲಾಚೆಗೂ ಹೋದ ಸಾಲು. ಡೆಲ್ಬರ್ಟ್‌ನ ಜೊತೆ ಮೂಟೆ ಹೊತ್ತವರು, ನೆರೆಯವರು, ನಮ್ಮ ಅಂಗಡಿಯ ಗಿರಾಕಿಗಳು. ಪಾದ್ರಿಗಳು ಮೊದಲು ಬಂದು, "ದೇವರು ನಿಮಗೆ ಶಕ್ತಿ ಕೊಡಲಿ ತಾಯಿ" ಎಂದರು. ಓಪಲ್ ತಲೆ ಎತ್ತಲಿಲ್ಲ.

"ಒಂದ್ಸಲ ಅದ್ದಲಾ, ಎರಡ್ಸಲಾನಾ?" ಎಂದಳು.

ಪಾದ್ರಿಗಳಿಗೆ ಅರ್ಥವೇ ಆಗಲಿಲ್ಲ. "ಏನಮ್ಮಾ?" ಎಂದರು.

"ಚೀಸ್ ಯಾವ್ದು?"

ಅವರ ಹಿಂದೆ ಟ್ಯಾಕ್ಸಿ ಓಡಿಸುವ ಮುದುಕ ಸ್ಟಾವ್ರೋಸ್ ಇದ್ದ, ಓಪಲ್‌ಳ ಸಾಲಿನ ಹಳೆಯ ಹುಲಿ. ಅವನ ಬಾಯಿಗೂ ಅಭ್ಯಾಸ ನೋಡಿ, ಟೋಪಿ ಕೈಯಲ್ಲಿ ಹಿಡಿದುಕೊಂಡೇ, "ಎರಡ್ಸಲ, ಸ್ವಿಸ್" ಎಂದುಬಿಟ್ಟ. ಆಮೇಲೆ ಬಾಯಿ ಮುಚ್ಚಿಕೊಂಡ. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ವಾಂಡಾಳ ಮುಖ ಕೆಂಪಗೆ ಕಾದ ಬಾಣಲೆ. ಅವಳು ಒಬ್ಬಳೇ ಮಗಳು, ಅಪ್ಪನ ಮುದ್ದಿನವಳು. ತಾಯಿಯ ಕಡೆ ತಿರುಗಿ, ಹಾಲ್‌ನ ಕೊನೆಗೂ ಕೇಳುವ ಹಾಗೆ ಕಿರುಚಿದಳು: "ಅಪ್ಪ ಸತ್ತಿದ್ದು ನಿಂಗೆ ಇನ್ನೊಂದು ಸಾಲು, ಅಷ್ಟೇ ಅಲ್ವಾ? ಮಾರನೇ ದಿನಾನೇ ಕೆಲ್ಸಕ್ಕೆ ಹೋದ್ಯಲ್ಲ, ಒಂದು ತೊಟ್ಟು ಕಣ್ಣೀರು ಬಂತಾ ನಿಂಗೆ? ಕಲ್ಲು ನೀನು, ಕಲ್ಲು! ಇನ್ಮೇಲೆ ನಂಗೆ ಅಮ್ಮನೂ ಇಲ್ಲ ಅಂದ್ಕೋತೀನಿ." ಕೂಸನ್ನು ಗಂಡನ ಕೈಯಿಂದ ಕಿತ್ತುಕೊಂಡು ಹೊರಟೇಹೋದಳು. ಓಪಲ್ ಸಾಲಿನಲ್ಲಿದ್ದ ಮುಂದಿನವರ ಕೈ ಹಿಡಿದಳು.

ಆಮೇಲಿನ ವಾರಗಳಲ್ಲಿ ವಾಂಡಾ ಫೋನ್ ಎತ್ತಲಿಲ್ಲ. ಎತ್ತಿದರೂ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. ಅಳಿಯನಿಗೆ ದೂರದ ಫ್ರೆಸ್ನೋ ಊರಿನಲ್ಲಿ ಕೆಲಸ ಸಿಕ್ಕಿದೆ, ಶನಿವಾರ ಸಾಮಾನು ಸಾಗಿಸುತ್ತಾರೆ ಎಂಬ ಸುದ್ದಿ ಮಗಳ ಪಕ್ಕದ ಮನೆಯವರಿಂದ ಬಂತು. ಡೆಲ್ಬರ್ಟ್ ಹೋದ ಮೇಲೆ ಓಪಲ್‌ಗೆ ಈ ಭೂಮಿಯ ಮೇಲೆ ಇದ್ದವರು ಆ ಮಗಳು, ಆ ಕೂಸು, ಇಬ್ಬರೇ. ಹೀಗೇ ಹೊರಟುಹೋದರೆ ಮತ್ತೆ ಮುಖ ನೋಡುವುದು ಎಲ್ಲಿಯ ಮಾತು? ಅವಳು ಇದನ್ನೆಲ್ಲ ಈರುಳ್ಳಿ ಹೆಚ್ಚುತ್ತಾ, ಬೇರೆ ಯಾರದೋ ಮನೆಯ ವಿಷಯದ ಹಾಗೆ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಹೋಗಿ ಬಾಗಿಲು ತಟ್ಟೇ ಮಾರಾಯ್ತಿ! ನಿನ್ನ ಮಗಳಲ್ವಾ?"

"ಹೋಗಿ ಏನನ್ಲಿ? ಅವ್ಳಿಗೆ ನಾನು ಅಳೋದು ಬೇಕು. ಎಲ್ಲಿಂದ ತರ್ಲಿ?"

"ಈರುಳ್ಳಿ ಹೆಚ್ಕೊಂಡು ಹೋಗು."

ಚೇಷ್ಟೆಗೆ ಅಂದದ್ದು. ಅವಳು ಮಣೆಯ ಮೇಲಿದ್ದ ರಾಶಿಯನ್ನು ನೋಡಿ, "ಇದಕ್ಕೂ ಬರ್ತಿಲ್ಲ, ಎಲ್ವಿ" ಎಂದಳು. ನನ್ನ ಕಣ್ಣಲ್ಲಿ ನೀರು ಧಾರಾಕಾರ. ಅದು ಈರುಳ್ಳಿಗೋ ಅವಳಿಗೋ, ನನಗೇ ಗೊತ್ತಿಲ್ಲ.

ಶುಕ್ರವಾರ ಮಧ್ಯಾಹ್ನ ಕಿಕ್ಕಿರಿದ ಹೊತ್ತಿನಲ್ಲಿ ತಲೆ ಎತ್ತಿದರೆ, ಓಪಲ್‌ಳ ಸಾಲಿನ ಬಾಲದಲ್ಲಿ ವಾಂಡಾ! ಮನೆಯವರು ಸಾಲಿನಲ್ಲಿ ನಿಲ್ಲುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಅವಳು ಚಿಕ್ಕಂದಿನಿಂದ ಅಡುಗೆಮನೆಯ ಬಾಗಿಲಿನಿಂದ ಬಂದು ತಿಂದು ಬೆಳೆದವಳು. ಈಗ ಕೈಚೀಲ ಅವಚಿಕೊಂಡು ಪರಕೀಯಳ ಹಾಗೆ ನಿಂತಿದ್ದಾಳೆ. ಆ ಗಳಿಗೆಗೆ ನನ್ನ ಎದುರು ಯಾರೂ ಇರಲಿಲ್ಲ. "ವಾಂಡಾ, ಬಾರೇ ಈ ಕಡೆ" ಎಂದು ಕೂಗಿದೆ. ತಲೆ ಅಲ್ಲಾಡಿಸಿದಳು. ಅವಳ ಮುಂದಿದ್ದವನು ಪಕ್ಕಕ್ಕೆ ಸರಿದು, "ಮುಂದೆ ಹೋಗಮ್ಮಾ" ಎಂದ.

"ಬೇಡಿ. ನನ್ನ ಸರದಿ ಬರ್ಲಿ."

ಸಾಲು ಒಂದೊಂದೇ ಹೆಜ್ಜೆ ಸರಿಯಿತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅವಳು ಜಗಳಕ್ಕೆ ಬಂದಳೋ, ಕೊನೆಯ ಸಲ ನೋಡಿ ಹೋಗಲು ಬಂದಳೋ? ಓಪಲ್‌ಗೆ ಹೇಳೋಣವೆಂದರೆ ಅವಳು ತಲೆಯನ್ನೇ ಎತ್ತಲಿಲ್ಲ. ಅವಳು ಕೊಯ್ಯುತ್ತಿದ್ದಳು, ಅದ್ದುತ್ತಿದ್ದಳು, ಚೀಸು ಇಳಿಬೀಳುವುದನ್ನು ಕಾಯುತ್ತಿದ್ದಳು. ಎದುರಿಗೆ ನಿಂತವರ ಮುಖ ನೋಡುವ ಅಭ್ಯಾಸ ಅವಳಿಗೆ ಮೊದಲೂ ಇರಲಿಲ್ಲ.

"ಒಂದ್ಸಲ ಅದ್ದಲಾ, ಎರಡ್ಸಲಾನಾ?"

ಉತ್ತರ ಬರಲಿಲ್ಲ. ಚಾಕು ನಿಂತಿತು. ಓಪಲ್ ತಲೆ ಎತ್ತಿದಳು.

"ನೀನಾ" ಎಂದಳು.

"ಎರಡ್ಸಲ. ಸ್ವಿಸ್."

ಓಪಲ್ ಮಾಡಿದಳು. ಎಲ್ಲರಿಗೂ ಮಾಡುವ ಹಾಗೇ, ಒಂದಿಷ್ಟೂ ಬೇರೆಯಾಗಿ ಅಲ್ಲ. ತಟ್ಟೆಯನ್ನು ಮುಂದೆ ನೂಕಿದವಳು ಕೈ ಬಿಡಲಿಲ್ಲ. ಆ ತುದಿಯನ್ನು ಮಗಳು ಹಿಡಿದಿದ್ದಳು.

"ನಾಳೆ ಹೋಗ್ತಿದ್ದೀರಂತೆ."

"ಹೂಂ."

"ನಂಗಿನ್ನೂ ಅಳು ಬಂದಿಲ್ಲ ಕಣೇ. ನಿನ್ಹತ್ರ ಸುಳ್ಳು ಹೇಳಕ್ಕಾಗಲ್ಲ. ಬಂದ್ರೆ ಫೋನ್ ಮಾಡ್ತೀನಿ."

ಇದೆಂಥ ಮಾತು! ಮಗಳನ್ನು ಉಳಿಸಿಕೊಳ್ಳುವ ಹೊತ್ತಿನಲ್ಲಿ ಆಡುವ ಮಾತಾ ಇದು? ನಾನು ಹಣೆ ಚಚ್ಚಿಕೊಳ್ಳುವುದೊಂದೇ ಬಾಕಿ. ಆದರೆ ವಾಂಡಾ ತಟ್ಟೆಯನ್ನೇ ನೋಡುತ್ತಿದ್ದಳು.

"ನಂಗೂ ಬಂದಿಲ್ಲಮ್ಮಾ" ಎಂದಳು.

"ಏನು?"

"ಅಳು. ಆವತ್ತು ಅಷ್ಟು ಕಿರುಚಾಡಿದ್ನಲ್ಲ, ಕಿರುಚಿದ್ರೆ ಬರ್ಬೋದು ಅಂದ್ಕೊಂಡೆ. ಬರ್ಲಿಲ್ಲ. ಅಪ್ಪನ ಅಂಗಿ ಮೂಸಿ ನೋಡ್ದೆ, ಫೋಟೋ ಇಟ್ಕೊಂಡು ಕೂತೆ. ಊಹೂಂ. ಮಗೂನ ಎತ್ಕೊಂಡ್ರೂ ಯಾವ್ದೋ ಮೂಟೆ ಎತ್ಕೊಂಡ ಹಾಗಿದೆ. ನಿನ್ನ ಬೈದೆ... ನಿನ್ನ ನೋಡಿದ್ರೆ ನನ್ನೇ ನೋಡಿದ ಹಾಗಾಯ್ತು, ಅದಕ್ಕೆ."

ಓಪಲ್ ಕೈ ಒರೆಸಿಕೊಂಡಳು. ಕಟ್ಟೆಯನ್ನು ಸುತ್ತಿಕೊಂಡು, ಊಟದ ಹೊತ್ತಿನ ನಟ್ಟನಡುವೆ, ಹೊರಗೆ ಬಂದಳು. ನಾನು ಅಲ್ಲಿ ಸೇರಿದ ಮೇಲೆ ಅವಳು ಸಾಲು ಬಿಟ್ಟು ಬಂದದ್ದು ಅದೇ ಮೊದಲು. ಇಬ್ಬರೂ ಹತ್ತಿರದ ಬೆಂಚಿನ ತುದಿಯಲ್ಲಿ ಕೂತರು. ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ನಾನು ಅವನನ್ನು ದುರುಗುಟ್ಟಿ ನೋಡಿದೆ. ಮುಚ್ಚಿಕೊಂಡ.

"ಇತ್ಲಾಗೆ ಬನ್ರೋ, ನಾನು ಮಾಡ್ಕೊಡ್ತೀನಿ" ಎಂದೆ ಆ ಸಾಲಿನವರಿಗೆ.

"ಪರ್ವಾಗಿಲ್ಲ, ಕಾಯ್ತೀವಿ" ಎಂದ ವಾಂಡಾಳ ಹಿಂದೆ ಬಂದು ನಿಂತಿದ್ದ ಸ್ಟಾವ್ರೋಸ್. ಒಬ್ಬನೂ ಅಲ್ಲಾಡಲಿಲ್ಲ. ಹಾಳಾಗಿಹೋಗಲಿ ಎಂದು ನಾನೂ ಕೈ ಕಟ್ಟಿ ನಿಂತೆ.

ತಾಯಿ ಸ್ಯಾಂಡ್‌ವಿಚ್ಚನ್ನು ಮುರಿದು ಅರ್ಧ ಮಗಳ ಮುಂದಿಟ್ಟಳು. ಅಪ್ಪಿಕೊಳ್ಳಲಿಲ್ಲ, ಬೆನ್ನು ಸವರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಸಾರು ಮೊಣಕೈವರೆಗೂ ಇಳಿಯುತ್ತಿತ್ತು, ಇಬ್ಬರೂ ಒರೆಸಿಕೊಳ್ಳಲಿಲ್ಲ.

"ಬಿಸಿ ಇದ್ಯಾ?" ಓಪಲ್ ಕೇಳಿದಳು.

"ಗೊತ್ತಾಗ್ತಿಲ್ಲ. ನಿಂಗೆ?"

"ನಂಗೂ ಇಲ್ಲ. ತಿನ್ನು."

ತಟ್ಟೆ ಖಾಲಿಯಾಯಿತು. ವಾಂಡಾ ಎದ್ದು ಕೈಚೀಲ ತೆಗೆದುಕೊಂಡಳು. ಓಪಲ್ ಏಪ್ರನ್ ಸರಿಮಾಡಿಕೊಂಡು ತನ್ನ ಮಣೆಗೆ ಹಿಂದಿರುಗಿದಳು. ಬಾಗಿಲವರೆಗೂ ಹೋದ ವಾಂಡಾ ಅಲ್ಲೇ ನಿಂತು, ಅಷ್ಟು ಜನರ ತಲೆಯ ಮೇಲಿಂದ ಕೂಗಿ ಹೇಳಿದಳು:

"ಅಳು ಬರದಿದ್ರೂ ಮಾಡಮ್ಮಾ, ಫೋನು."