ಮೂರನೇ ತಂತಿ

ದೆವ್ವ ಕಂಡೆ ಎನ್ನುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಹನುಮನಹಳ್ಳಿಯ ನಮ್ಮ ಮಾವ ಹುಣಸೆಮರದಲ್ಲಿ ಒಂದನ್ನು ಕಂಡೆನೆಂದಾಗ, ಅದರ ಚಪ್ಪಲಿ ಸೈಜ್ ಎಷ್ಟಿತ್ತು ಎಂದು ಕೇಳಿ ಅವತ್ತಿನ ಊಟ ಕಳೆದುಕೊಂಡವನು ನಾನು. ಆದರೆ ಎರಡು ವರ್ಷದ ಹಿಂದೆ, ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲಿ ನಡೆದದ್ದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯ ಮೆಹಬೂಬ ಗಿಟಾರ್ ನುಡಿಸುತ್ತಿದ್ದ, ನಾನು ಕೀಬೋರ್ಡ್. ಇಬ್ಬರೂ ಕೂಡಿ ಬಾರಿಸಿದರೆ ಓಣಿಯ ನಾಯಿಗಳು ಹೊಸಪೇಟೆಯ ಬಸ್ ಹಿಡಿಯುತ್ತಿದ್ದವು. ಆ ರಜೆಗೆ ಕೆಲವು ತಿಂಗಳ ಮುಂಚೆ ಅವನ ಅಬ್ಬಾ ಕುಷ್ಟಗಿಯಲ್ಲಿ ಟೈಲರಿಂಗ್ ಅಂಗಡಿ ಹಾಕಿ, ಮನೆಮಂದಿಯನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋದರು. ಹೋಗುವ ಮುಂಚಿನ ದಿನ ನಾನು ಅವನಿಗೆ ಲ್ಯಾಪ್‌ಟಾಪಿನ ಗಿಟಾರ್ ಸಾಫ್ಟ್‌ವೇರ್ ತೋರಿಸಿದ್ದೆ. ಕೀಬೋರ್ಡ್ ಒತ್ತಿದರೆ ಗಿಟಾರ್ ಕೇಳುತ್ತದೆ.

"ಇನ್ನ ನೀ ಇಲ್ಲಂದ್ರೂ ನಡೀತೈತಿ ನೋಡಲೇ," ಅಂದೆ.

ಮೆಹಬೂಬ ಕೇಳಿ ನಕ್ಕ. "ಹತ್ತೂ ಬೆರಳ ಒಮ್ಮೆಲೇ ಒತ್ತೀಯಲ್ಲೋ. ಗಿಟಾರಿಗೆ ಇರೂದು ಆರ ತಂತಿ. ಒಂದಾದ ಮ್ಯಾಲ ಒಂದು ಮುಟ್ಟಬೇಕು. ಇದು ಗಿಟಾರಲ್ಲ ತಮ್ಮಾ, ಗಿರಣಿ."

ಆಮೇಲೆ ತಿಂಗಳುಗಟ್ಟಲೆ ನಾನೂ ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ.

ರಜೆ ಬಂತು. ಅಪ್ಪ ಅವ್ವ ಡ್ಯೂಟಿಗೆ ಹೋದರೆ ಸಂಜೆಯ ತನಕ ಮನೆಯಲ್ಲಿ ನಾನು, ಫ್ಯಾನು, ಒಂದು ಹಲ್ಲಿ. ಹಲ್ಲಿಗೂ ನನ್ನ ಸಂಗೀತ ಸಾಕಾಗಿತ್ತು. ಅವನು ಅಣಕಿಸಿದ್ದನ್ನೇ ಪಾಠ ಮಾಡಿಕೊಂಡು, ಲ್ಯಾಪ್‌ಟಾಪಿನಲ್ಲಿ ಒಂದೊಂದು ಸ್ವರವನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಕೈ ತಂತಿಯಿಂದ ತಂತಿಗೆ ಇಳಿದಂತೆ ಮಾಡಿದೆ. ಬೆರಳು ಜಾರುವ ಕೀಚಲು ಸದ್ದನ್ನೂ ಸೇರಿಸಿದೆ. ನಾವಿಬ್ಬರೂ ಕಟ್ಟಿದ್ದ ಧಾಟಿ ಸಿದ್ಧವಾಯಿತು. ಕಣ್ಣು ಮುಚ್ಚಿದರೆ ಮಂಚದ ತುದಿಯಲ್ಲಿ ಮೆಹಬೂಬ ಕೂತಂತೆಯೇ ಇತ್ತು.

ಒಂದು ಮಧ್ಯಾಹ್ನ ಅದನ್ನು ಕೇಳುತ್ತಿದ್ದಾಗ ನಡುವೆಯೇ ಮೂರನೇ ತಂತಿ ಸುಮ್ಮನಾಯಿತು. ಪರದೆಯ ಮೇಲಿನ ಗಿಟಾರಿನಲ್ಲಿ ಅದು ಅಲುಗುತ್ತಿತ್ತು, ಸದ್ದಿರಲಿಲ್ಲ. ಉಳಿದ ಐದೂ ಸರಿ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಕೊನೆಗೆ ಊದಿನಕಡ್ಡಿಯನ್ನೂ ಬೆಳಗಿದೆ. ಇಂಥದ್ದನ್ನು ಕೇಳಲು ನನಗಿದ್ದವನು ಒಬ್ಬನೇ. ಫೋನ್ ಮಾಡಿದೆ.

"ಮೂರನೇ ತಂತಿ..." ಅಂದೆ ಅಷ್ಟೇ.

"ನಿನಗ ಯಾರ ಹೇಳಿದ್ರಲೇ? ಈಗಷ್ಟ ಹರೀತು. ಮನ್ಯಾಗ ನಾ ಒಬ್ಬಾವನ ಅದೀನಿ."

"ಏನ ಬಾರಿಸಾಕತ್ತಿದ್ದಿ?"

"ನಮ್ದ. ಮತ್ತೇನ."

ಕುಷ್ಟಗಿಯಲ್ಲಿ ತಂತಿ ಸಿಗದೆ ಅವನು ಐದರಲ್ಲೇ ದಿನ ದೂಡಿದ, ನಾನೂ ಐದರಲ್ಲೇ. ದಿನಾ ಸಂಜೆ ಫೋನ್: "ನಿಂದು ಬಂತೇನು?" "ಇಲ್ಲ, ನಿಂದು?" ನನ್ನ ಆ ರಜೆಯಲ್ಲಿ ಅದಕ್ಕಿಂತ ಛಲೋ ದಿನಗಳಿರಲಿಲ್ಲ. ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಆರೂ ನುಡಿದವು. ಹೊಸ ತಂತಿ ಹಾಕಿದ್ದನ್ನು ಅವನು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆಮೇಲೆ ಫೋನುಗಳು ಕಡಿಮೆಯಾದವು, ನಿಂತವು.

ಸಾಫ್ಟ್‌ವೇರ್ ಬಲ್ಲವರನ್ನೆಲ್ಲ ಕೇಳಿದ್ದೇನೆ. ಯಾರಿಗೂ ತಿಳಿದಿಲ್ಲ, ನನಗಂತೂ ಇಲ್ಲವೇ ಇಲ್ಲ. ಈಗಲೂ ಮಧ್ಯಾಹ್ನ ಆ ಧಾಟಿಯನ್ನು ಹಚ್ಚಿ, ಮೂರನೇ ತಂತಿಗೆ ಕಿವಿಗೊಟ್ಟು ಕೂರುತ್ತೇನೆ. ಹಾಳಾದದ್ದು, ಸರಿಯಾಗಿಯೇ ನುಡಿಯುತ್ತದೆ.