ಗೋಂದಣ್ಣನಿಗೆ ಒಗ್ಗದ ಜೋಡುನಳಿಗೆ

ನನ್ನ ಮೈದುನನನ್ನು ಎಲ್ಲರೂ ಗೋಂದಣ್ಣ ಎಂದೇ ಕರೆಯುತ್ತಿದ್ದರು. ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಅವನಿಗೆ ಕೆಲಸ. ಮೆಂಬರುಗಳು ಗುಂಡು ಹಾರಿಸಿದ ಮೇಲೆ ಮೈದಾನದ ಆ ತುದಿಗೆ ಹೋಗಿ, ಗುಂಡು ಎಲ್ಲಿ ಬಿದ್ದಿದೆಯೆಂದು ಕೂಗಿ ಹೇಳಿ, ರಟ್ಟಿನ ತೂತುಗಳಿಗೆ ಗೋಂದು ಹಚ್ಚಿದ ಕಾಗದ ಮೆತ್ತಿ ಮುಚ್ಚಬೇಕು. ಬೇರೆಯವರ ತೂತು ಮುಚ್ಚುವುದರಲ್ಲೇ ಅವನ ಪ್ರಾಯ ಕಳೆಯಿತು. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲೇ ಉಳಿದ. ಆಳು ಬಾಗಿಲು ತುಂಬುವಂಥವನು. ಕುರ್ಚಿಯ ಮೇಲೆ ಕೂರುವ ಮೊದಲು ಅದನ್ನೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ, ಜೋಡುನಳಿಗೆ ರೈಫಲ್ಲಿನದು. ಊಟಕ್ಕೆ ಕೂತಾಗ ಎರಡು ಬೆರಳು ಜೋಡಿಸಿ ನನಗೆ ಪಾಠ ಹೇಳುತ್ತಿದ್ದ.

"ಒಂಟಿ ನಳಿಗೇದು ಯಾರು ಬೇಕಾದ್ರೂ ಮಾಡ್ತಾರೆ ಅತ್ತಿಗೆ. ಇದರಲ್ಲಿ ಎರಡು ನಳಿಗೆ ಅಕ್ಕಪಕ್ಕ ಇರುತ್ತೆ. ಎರಡರ ಗುಂಡೂ ಅಷ್ಟು ದೂರ ಹೋಗಿ ಒಂದೇ ಜಾಗಕ್ಕೆ ಬೀಳ್ಬೇಕು. ಹಾಗೆ ಕೂಡಿಸೋದೇ ಕಷ್ಟ."

"ಅತ್ತೆ ಸೊಸೆ ಕೂಡಿಸಿದ ಹಾಗೆ ಅನ್ನು," ಎಂದೆ. ಅನ್ನ ನೆತ್ತಿಗೇರುವಷ್ಟು ನಕ್ಕ.

ಪ್ರಾಣಿ ಕೊಲ್ಲುವ ಆಸೆ ಅವನಿಗಿರಲಿಲ್ಲ. ಇರುವೆ ಸಾಲನ್ನೂ ದಾಟಿಕೊಂಡು ನಡೆಯುವವನು. ತಾನೇ ಎರಡು ಗುಂಡು ಹಾರಿಸಬೇಕು, ತಾನೇ ನಡೆದು ಹೋಗಿ ನೋಡಬೇಕು, ಆ ಎರಡು ತೂತನ್ನು ಮಾತ್ರ ಮುಚ್ಚಬಾರದು. ಇಷ್ಟೇ ಅವನ ಬಯಕೆ. ಲೈಸೆನ್ಸು ಮಾಡಿಸಿಟ್ಟು ಎಷ್ಟೋ ಕಾಲವಾಗಿತ್ತು. ಕೋವಿಯೇ ಇಲ್ಲದೆ ಅದನ್ನು ನವೀಕರಿಸುತ್ತಾ ಬಂದಿದ್ದ.

ಅವನು ಕೆಲಸ ಬಿಟ್ಟ ವರ್ಷ ಕೋವಿ ಅಂಗಡಿಗೆ ಹಳೆಯ ಜೋಡುನಳಿಗೆ ರೈಫಲ್ಲೊಂದು ಮಾರಾಟಕ್ಕೆ ಬಂತು. ಬೆಲೆ ಅವನ ಕೈಗೆ ಎಟಕುವಂತಿತ್ತು. ಅದೇ ಅವನಿಗೆ ಅನುಮಾನ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೆತ್ತಿದ್ದ, ಮಾಡಿದವನ ಹೆಸರನ್ನು ಅವನು ಕೇಳಿಯೇ ಇರಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಕೋವಿ ಮಾಡುವವರ ಹೆಸರುಗಳಿರುವ ದಪ್ಪ ಪುಸ್ತಕ ತಿರುವಿ ಹಾಕಿ, "ಇಲ್ಲ ಕಣಯ್ಯ. ಹೆತ್ತವರು ಯಾರಂತ ಗೊತ್ತಿಲ್ಲದ ಸಂಬಂಧ ಮಾಡ್ತೀಯಾ?" ಎಂದು ಹಂಗಿಸಿದರು. ಹಳೆಯ ಮೆಂಬರೊಬ್ಬರು, "ಆ ಹೆಸರಿನವನು ಮಾಡಿದ ಕೋವೀನಾ? ಒಂದು ಗುಂಡು ಆ ಊರಿಗೆ ಹೋದ್ರೆ ಇನ್ನೊಂದು ಈ ಊರಿಗೆ," ಎಂದರು.

ಬೇರೆ ಯಾರಾದರೂ ಅಲ್ಲಿಗೆ ಕೈಬಿಡುತ್ತಿದ್ದರು. ಇವನು ಬಿಡಲಿಲ್ಲ. ಅಂಗಡಿಗೆ ಹೋಗಿ ಬಂದಾಗಲೆಲ್ಲ, "ಮಾಡಿದೋನು ಅಷ್ಟು ಚೆಂದ ಉಜ್ಜಿದಾನೆ ಅತ್ತಿಗೆ, ಅಂಥ ಕೈ ಅಳತೇಲಿ ತಪ್ಪುತ್ತಾ?" ಎನ್ನುತ್ತಿದ್ದ. ಕೊನೆಗೆ, ಕೋವಿಯ ಮರಕ್ಕೆ ಪಾಲಿಶ್ ಹಾಕುವ ಮುದುಕನೊಬ್ಬ ಸುಳಿವು ಕೊಟ್ಟ. ಮಾಡಿದವನು ಪಕ್ಕದ ಊರಿನವನು, ಸತ್ತು ಬಹಳ ಕಾಲವಾಯಿತು, ಹೆಂಡತಿ ಇನ್ನೂ ಇದ್ದಾಳೆ ಎಂದ.

"ನೀವೂ ಬನ್ನಿ ಅತ್ತಿಗೆ. ಹೆಂಗಸೊಬ್ಬರೇ ಇರೋ ಮನೆ. ನನ್ನ ಗಾತ್ರ ನೋಡಿ ಬಾಗಿಲು ತೆಗೀತಾರೋ ಇಲ್ವೋ."

ಬಸ್ಸಿನಲ್ಲಿ ಹೋದೆವು. ಸೈಕಲ್ ರಿಪೇರಿ ಅಂಗಡಿಯ ಹಿಂದೆ, ಒಂದು ಕಾಲಕ್ಕೆ ಕಾರ್ಖಾನೆಯಾಗಿದ್ದ ಕೋಣೆಯಲ್ಲೇ ಆಕೆಯ ಸಂಸಾರ. ಕಿಟಕಿಯುದ್ದಕ್ಕೂ ಕೆಲಸದ ಮೇಜು, ಅದರ ಮೇಲೆ ಪಾತ್ರೆಗಳು. ಮೇಜಿನ ಅಂಚಿಗೆ ಬಿಗಿದಿದ್ದ, ನಳಿಗೆ ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನು ಯಾರೂ ಬಿಚ್ಚಿರಲಿಲ್ಲ. ಅದರ ಬಾಯಿಗೆ ಒರೆಸುವ ಬಟ್ಟೆ ಸಿಕ್ಕಿಸಿದ್ದಳು. ಆಕೆ ನನಗಿಂತ ಹಿರಿಯಳು, ಗುಬ್ಬಚ್ಚಿಯಂಥ ಹೆಂಗಸು. ನಾವು ಬಂದ ಕಾರಣ ಹೇಳಿದ ಕೂಡಲೇ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಎಲ್ಲಿದೆ ಅದು? ಚೆನ್ನಾಗಿಟ್ಟಿದಾರಾ? ಗುಂಡು ತುಂಬಿ ನಳಿಗೆ ಮುಚ್ಚಿದ್ರೆ ಸದ್ದು ಹೇಗೆ ಬರುತ್ತೆ ತಮ್ಮಾ?"

ಇವನು ನಾಲಗೆಯಿಂದ ಟಕ್ ಎನ್ನಿಸಿದ. ಆಕೆ ಕಣ್ಣು ಮುಚ್ಚಿ, "ಇನ್ನೊಂದ್ಸಲ," ಎಂದಳು. ಮತ್ತೆ ಮಾಡಿದ. "ಹೂಂ. ಅದೇ. ಅವರದ್ದೇ."

ಆಮೇಲೆ ಒರೆಸುವ ಬಟ್ಟೆ ತೆಗೆದುಕೊಂಡು ಮೇಜನ್ನು ಒರೆಸತೊಡಗಿದಳು. ಮೈದುನ ನನ್ನ ಮುಖ ನೋಡಿದ. ನಾನು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ. ತುಂಬಿದ ಕೊಡವನ್ನು ಅಲ್ಲಾಡಿಸಬಾರದು, ತಾನಾಗಿ ತುಳುಕುತ್ತದೆ.

ತುಳುಕಿತು. "ಏಣಿಯಿಂದ ಬಿದ್ದು ಅವರ ಭುಜ ಮುರಿದಿತ್ತು ತಂಗಿ," ಎಂದು ನನ್ನ ಕಡೆ ತಿರುಗಿದಳು. "ರೈಫಲ್ಲಿನ ಒದೆ ತಡೀತಿರಲಿಲ್ಲ. ಅದಕ್ಕೆ ನಾನೇ ಹೊಡೀತಿದ್ದೆ. ಬಲದ್ದು ಹೊಡಿ ಅನ್ನೋರು, ಹೊಡೆದೆ. ಎಡದ್ದು ಅನ್ನೋರು, ಹೊಡೆದೆ. ದೂರ ದೂರ ಬಿದ್ರೆ ಬೆಸುಗೆ ಬಿಚ್ಚಿ, ನಳಿಗೆಗಳ ಮಧ್ಯೆ ಬೆಣೆ ಸರಿಸಿ, ಮತ್ತೆ ಬೆಸುಗೆ. ಮತ್ತೆ ಹೊಡಿ. ಭುಜ ನೀಲಿಗಟ್ಟೋದು. ಎಣ್ಣೆ ಹಚ್ಚೋದೂ ಅವರೇ, ಮಾರನೇ ದಿನ ಹೊಡಿ ಅನ್ನೋದೂ ಅವರೇ!" ನಕ್ಕಳು. "ಒಂದರ ಪಕ್ಕ ಒಂದು ಬೀಳೋ ತನಕ ಬಿಡ್ತಿರಲಿಲ್ಲ. ಬಿದ್ದ ದಿನ ಮನೇಲಿ ಹಾಡೇ ಹಾಡು."

"ಮತ್ತೆ ಗುಂಡು ಬೇರೆ ಬೇರೆ ಊರಿಗೆ ಹೋಗುತ್ತೆ ಅಂತಾರಲ್ಲಕ್ಕಾ?" ಎಂದೆ.

"ಕೊಂಡವರು ನನ್ನ ಹಾಗಿದ್ರಾ? ಒಬ್ಬೊಬ್ಬರೂ ಕಂಬ ಕಂಬ. ನನ್ನ ಮೈಗೆ ಒದೆಯೋ ರೀತಿ ಬೇರೆ, ಅವರ ಮೈಗೆ ಬೇರೆ. ಒದೆ ಬದಲಾದ್ರೆ ಗುಂಡು ಬೀಳೋ ಜಾಗಾನೂ ಬದಲು. ನಮಗೆ ಗೊತ್ತಾಗೋ ಹೊತ್ತಿಗೆ ಹೆಸರು ಕೆಟ್ಟಿತ್ತು. ಹೆಂಡತಿ ಹೊಡೆದು ನೋಡಿದ ಕೋವಿ ಅಂತ ಹೇಳಿಕೊಳ್ಳೋಕೆ ನಮ್ಮ ಯಜಮಾನರಿಗೆ ಬಾಯಿ ಬರಲಿಲ್ಲ. ಹಾಗೇ ಹೋದ್ರು." ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎದ್ದು ನಿಲ್ಲಿ ತಮ್ಮಾ."

ಇವನು ಎದ್ದು ನಿಂತ. ತೂಗುಬಿಟ್ಟ ಬಲ್ಬು ಹಣೆಗೆ ಬಡಿದು ತೂಗಾಡಿತು. ಆಕೆ ನಗಲು ಬಾಯಿ ತೆರೆದವಳು ನಗಲಿಲ್ಲ.

"ಅಯ್ಯೋ... ನಿಮಗಲ್ಲ ಅದು."

ವಾಪಸು ಬರುವಾಗ ಮೈದುನ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ಇಳಿಯುವಾಗ, "ಹೊಡೆದೇ ನೋಡ್ತೀನಿ," ಎಂದ. ನಾನು ಬೇಡವೆನ್ನಲಿಲ್ಲ. ಹಸಿದವನಿಗೆ ಒಲೆ ಆರಿದೆ ಎಂದರೆ ನಂಬುತ್ತಾನೆಯೇ, ಒಮ್ಮೆ ಮುಟ್ಟಿ ನೋಡುತ್ತಾನೆ.

ಅಂಗಡಿಯವನು ರೈಫಲ್ಲನ್ನು ತಾನೇ ಕ್ಲಬ್ಬಿನ ಮೈದಾನಕ್ಕೆ ತಂದ. ಮೈದುನ ಬಲದ್ದು ಹಾರಿಸಿದ, ಎಡದ್ದು ಹಾರಿಸಿದ. ನಾವು ಮೂವರೂ ರಟ್ಟಿನ ಹತ್ತಿರ ನಡೆದೆವು. ತೂತುಗಳ ನಡುವೆ ಒಂದು ಗೇಣು. ವಾಪಸು ಬಂದು ಭುಜ ಕುಗ್ಗಿಸಿ, ಉಸಿರು ಬಿಟ್ಟು, ಮೊಣಕಾಲು ಮಡಿಸಿ ಮತ್ತೆ ಹೊಡೆದ.

"ಏನಯ್ಯ, ಕೂಸಾಗೋಕೆ ನೋಡ್ತಿದ್ದೀಯಾ?" ಎಂದ ಅಂಗಡಿಯವನು.

ಆಗಲೂ ಒಂದು ಗೇಣು. ಬೆರಳಗಲ ಕಡಿಮೆ ಇತ್ತೋ ಏನೋ. ಅವನು ಆ ಎರಡು ತೂತುಗಳ ಮೇಲೆ ಹೆಬ್ಬೆರಳು, ಕಿರುಬೆರಳು ಇಟ್ಟುಕೊಂಡು ಬಹಳ ಹೊತ್ತು ನಿಂತ.

"ಒಂದೇ ನಳಿಗೆ ಬಳಸಿಕೋ ಮಾರಾಯ, ಗುರಿಗೆ ಸರಿಯಾಗೇ ಬೀಳ್ತಿದೆಯಲ್ಲ. ಬೆಲೇನೂ ಇಳಿಸ್ತೀನಿ."

"ಜೋಡೀನ ತಗೊಂಡು ಹೋಗಿ ಒಂಟಿ ಮಾಡೋದು ಬೇಡ ಸಾಹುಕಾರ್ರೇ. ಕೋವೀಲಿ ತಪ್ಪಿಲ್ಲ. ಕೆಟ್ಟದು ಅಂತ ಮಾತ್ರ ಯಾರಿಗೂ ಹೇಳಬೇಡಿ. ಸಣ್ಣ ಆಳಿಗೆ ಮಾಡಿದ್ದು ಅನ್ನಿ."

"ನನ್ನ ಗಿರಾಕಿಗಳಲ್ಲಿ ಸಣ್ಣಗಿರೋದು ಅವರ ದುಡ್ಡು ಕೊಡೋ ಕೈ ಒಂದೇ," ಎಂದು ಅಂಗಡಿಯವನು ಗೊಣಗಿದ. ಆದರೂ ತಲೆಯಾಡಿಸಿದ.

ಮೈದುನ ನಳಿಗೆಗಳನ್ನು ಒರೆಸಿದ. ರೈಫಲ್ಲನ್ನು ಚೀಲಕ್ಕೆ ಹಾಕಿ, "ಅಂಗಡಿ ತನಕ ನಾನೇ ಹೊತ್ತು ತರ್ತೀನಿ," ಎಂದ. ಅಂಗಡಿಯವನು ಆಟೋ ಕರೆಯಲು ಹೊರಟಿದ್ದವನು ಇವನ ಮುಖ ನೋಡಿ ನಡೆದೇ ಹೊರಟ.

ಇವನು ಮುಂದೆ, ನಾವಿಬ್ಬರು ಹಿಂದೆ. ಅಷ್ಟು ದೊಡ್ಡ ಆಳು, ಎಷ್ಟು ನಿಧಾನವಾಗಿ ನಡೆದ! ಚೀಲದ ಮೇಲೆ ಒಂದು ಕೈ ಇಟ್ಟುಕೊಂಡು, ನಿದ್ದೆ ಹೋದ ಮಗುವನ್ನು ಹೊತ್ತವರ ಹಾಗೆ, ಎದುರು ಬಂದವರಿಗೆಲ್ಲ ದಾರಿ ಬಿಡುತ್ತಾ ನಡೆದ. ಗುರುತಿನವರು "ಕೊನೆಗೂ ಕೊಂಡೆಯಾ ಗೋಂದಣ್ಣ?" ಎಂದರೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

ಅಂಗಡಿಯ ಬೀದಿ ಬಂತು. ಅವನು ತಿರುಗಲಿಲ್ಲ, ನೇರ ನಡೆದ.

"ಏ, ಅಂಗಡಿ ಈ ಕಡೆ ಕಣಯ್ಯ!"

"ಕೂಗಬೇಡಿ," ಎಂದೆ ನಾನು. "ಆ ಕಡೆಯಿಂದಲೂ ದಾರಿ ಇದೆ. ಬಳಸಿಕೊಂಡು ಬರ್ತಾನೆ."